ಗ ಸಂಚಿಯೊಳಗೆ ಗಜಗ

"ಚಿಂದಿ ಆರಿಸೋದು ಯಾವಾಗ ಕಲಿತ್ರಿ ಅಕ್ಕೋರ?" ಅಂತ ಪಕ್ಕದ ಕೋಣೆಯ ಸರ್ ನಕ್ಕಿದ್ದರು. ಹೋದ ವರ್ಷ ಜೂನ್‌ನಲ್ಲಿ. ಮಕ್ಕಳಿಗೆ ಅಕ್ಷರ ಕಲಿಸೋಕೆ ನಾನು ಚೂರು ಬಟ್ಟೆಯಲ್ಲಿ ಹೊಲಿದ ಸಂಚಿಗಳನ್ನು ಈಗ ಅವರೇ ಕೇಳಿಕೊಂಡು ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ, ಸ್ವಲ್ಪ ಜಂಬ ಅಂದರೂ ಅನ್ನಿ.

ಗುಳೇದಗುಡ್ಡದ ಹತ್ತಿರ ಒಂದು ಹಳ್ಳಿ, ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆ, ಅಂದರೆ ಚಿಕ್ಕ ಮಕ್ಕಳು ಆಡುತ್ತ ಕಲಿಯುವ ಕೋಣೆ, ಒಂದನೇ ತರಗತಿಗೆ 22 ಮಕ್ಕಳು. ಇಲ್ಲಿ ಅಕ್ಷರ ಕಲಿಸೋದು ಅ, ಆ ಅಂತಲ್ಲ, ರ, ಗ, ಸ, ದ, ಅ ಕ್ರಮದಲ್ಲಿ.

ಮುಟ್ಟಿ ಕಲಿಯುವ ಅಕ್ಷರ ಮಾಡಬೇಕು ಅಂತ ಮೊದಲು ರಟ್ಟಿನ ಮೇಲೆ ಜೋಳ ಅಂಟಿಸಿದೆ. ನೋಡೋಕೆ ಏನು ಚಂದ! ಮಳೆ ಹಿಡಿದ ಮೇಲೆ ನುಸಿ ಬಿತ್ತು. ಉಳಿದದ್ದನ್ನು ಇಲಿ ತಿಂದಿತು. ಸೋಮವಾರ ಬೀರು ತೆಗೆದರೆ 'ಸ' ಅರ್ಧ ಇತ್ತು, 'ಗ' ಇರಲೇ ಇಲ್ಲ. ಮೂರು ಭಾನುವಾರ ದಂಡ.

ಆಮೇಲೆ ಮರ ಉಜ್ಜುವ ಪಾಲಿಶ್ ಪೇಪರ್. ಅಂಗಡಿಯವನು 60 ನಂಬರಿನದು ಕೊಟ್ಟ, ನಾನೂ ಕೇಳದೆ ತಂದೆ. ಎರಡನೇ ದಿನ ಒಂದು ಹುಡುಗಿ "ಅಕ್ಕೋರ, ಬಳ್ಳ ಉರ್ಯಾಕತ್ತಾವ್ರಿ" ಅಂತ ಕೈ ತೋರಿಸಿದಳು. ನಂಬರ್ ಕಡಿಮೆ ಆದಷ್ಟೂ ಪೇಪರ್ ಒರಟು. 120 ನಂಬರ್ ಸಾಕು, ಅದಕ್ಕಿಂತ ಒರಟು ಬೇಡ. ಮತ್ತೊಂದು ಪೆಟ್ಟು ಹೇಳೋಕೆ ನಾಚಿಕೆ. ಹಾಳೆಯ ಹಿಂದೆ ಅಕ್ಷರ ಬರೆದು ಕತ್ತರಿಸಿದೆ. ತಿರುಗಿಸಿದರೆ ಎಲ್ಲ ಕನ್ನಡಿಯಲ್ಲಿ ಕಂಡ ಹಾಗೆ! ಹದಿನಾಲ್ಕು ಅಕ್ಷರ ಹಾಳು, ಮನೆಯ ಒಳ್ಳೆ ಕತ್ತರಿಯೂ ಮೊಂಡು. ಹಿಂದೆ ಬರೆಯುವುದಾದರೆ ಉಲ್ಟಾ ಬರೀರಿ.

ಖಣದ, ಅಂದರೆ ನಮ್ಮ ಕಡೆ ನೇಯುವ ಕುಪ್ಪಸದ ಬಟ್ಟೆಯ ಚೂರು ಇಲ್ಲಿ ಟೇಲರ್ ಹತ್ತಿರ ಸುಮ್ನೆ ಸಿಗುತ್ತವೆ. ಅದರ ಮೇಲೇ ಅಕ್ಷರ ಅಂಟಿಸಿದೆ. ಮಕ್ಕಳ ಕಣ್ಣೆಲ್ಲ ಖಣದ ಹೂವಿನ ಮೇಲೆ, ಅಕ್ಷರ ಯಾರಿಗೂ ಬೇಡ. ಬಟ್ಟೆ ತಿರುಗಿಸಿದರೆ ಹಿಂದಿನ ಎಳೆ ಉಗುರಿಗೆ ಸಿಕ್ಕಿ ಕಿತ್ತುಬಂದವು. ಕೊನೆಗೆ ಖಣದಲ್ಲಿ ಸಂಚಿ ಹೊಲಿದು, ಮುಂದೆ ಬಿಳಿ ಬಟ್ಟೆಯ ತೇಪೆ ಹಚ್ಚಿ, ಅದರ ಮೇಲೆ ಅಕ್ಷರ ಇಟ್ಟೆ. ಅಂಟು ಹಿಟ್ಟಿನದೇ. ಆದರೆ ಇಲಿ ಮುಟ್ಟಲ್ಲ. ಅದಕ್ಕೆ ಏನು ಬೆರೆಸುತ್ತೇನೆ ಅನ್ನೋದು ಒಬ್ಬ ನೇಕಾರಜ್ಜ ಹೇಳಿಕೊಟ್ಟ ಗುಟ್ಟು. ಅಡುಗೆಮನೆ ಸಾಮಾನೇ, ಅಷ್ಟು ಹೇಳಬಲ್ಲೆ.

ನಿಜವಾದ ತೊಡಕು ಅಂಟಿನದಲ್ಲ, ಅಕ್ಷರದ ಸಪ್ಪಳದ್ದು. ಗೋಡೆಯ ಚಾರ್ಟಿನಲ್ಲಿ 'ಕ'ಗೆ ಕಡಲೆಕಾಯಿ. ನಮ್ಮ ಹುಡುಗ ನೋಡಿ "ಶೇಂಗಾ" ಅನ್ನುತ್ತಾನೆ. ಮೊಟ್ಟೆ ತೋರಿಸಿದರೆ "ತತ್ತಿ", ಪೊರಕೆ ತೋರಿಸಿದರೆ "ಕಸಬರಿಗಿ". ತಪ್ಪು ಅವನದಾ? ಎಷ್ಟೋ ವರ್ಷ ನಾನೂ ಅವನನ್ನೇ ತಿದ್ದುತ್ತಿದ್ದೆ. ಈ ಸಲ ಚಾರ್ಟ್ ಮಡಚಿಟ್ಟು, ಅವನ ಬಾಯಲ್ಲಿ ಬರುವ ಸಾಮಾನನ್ನೇ ಸಂಚಿಗೆ ಹಾಕಿದೆ. ಕಣ್ಣು ಮುಚ್ಚಿ ಕೈ ಹಾಕಬೇಕು, ಮುಟ್ಟಿ ಹೆಸರು ಹೇಳಬೇಕು, ಮೊದಲ ಸಪ್ಪಳ ಬಿಡಿಸಿ ಹೇಳುತ್ತ ಎರಡು ಬೆರಳಲ್ಲಿ ಅಕ್ಷರ ತಿದ್ದಬೇಕು. ಅಷ್ಟೇ ಆಟ.

'ಗ'ಗೆ ಗಡಿಗಿ, ಗಂಟಿ. 'ಸ'ಗೆ ಸರ, ಗಂಟು ಕಟ್ಟಿದ ಸಜ್ಜಿ. 'ದ'ಗೆ ಮಣ್ಣಿನ ದನ ಇಟ್ಟಿದ್ದೆ. ಮಣ್ಣೆತ್ತಿನ ಅಮಾವಾಸ್ಯೆ ಆಗಷ್ಟೇ ಮುಗಿದಿತ್ತು, ಮುಟ್ಟಿದವರೆಲ್ಲ "ಬಸವಣ್ಣ!" ಅಂದರು. ತೆಗೆದು ಸೀರೆಯ ದಡಿ, ಅಂದರೆ ಅಂಚು, ಇಟ್ಟೆ. ನೇಕಾರರ ಮಕ್ಕಳು ಮುಟ್ಟಿದ ಕೂಡಲೇ ದಡಿ ಅಂದರು. ಪ್ರತಿ ಸಂಚಿಯಲ್ಲೂ ಒಬ್ಬ 'ಕಳ್ಳ' ಇರುತ್ತಾನೆ, ಆ ಅಕ್ಷರಕ್ಕೆ ಸೇರದ ಸಾಮಾನು. ಯಾವ ಸಂಚಿಗೆ ಯಾವ ಕಳ್ಳ ಅನ್ನೋದರಲ್ಲೇ ಕಸುಬಿರೋದು. ಅದನ್ನು ನೀವೇ ಹುಡುಕಿಕೊಳ್ಳಿ.

ನಡುವೆ ಇಳಕಲ್ ಕಡೆಯಿಂದ ಗ್ರಾನೈಟ್ ಪುಡಿ ತರಿಸಿ ತಟ್ಟೆಯಲ್ಲಿ ಬರೆಸಿದೆ. ಧೂಳೆದ್ದು ಕೆಮ್ಮು ಶುರುವಾಯಿತು, ಅದೇ ದಿನ ಹೊರಗೆ ಚೆಲ್ಲಿದೆ. ಮಲಪ್ರಭೆಯ ಉಸುಕನ್ನು ತೊಳೆದು, ಚಹಾ ಸೋಸುವ ಜಾಲರಿಯಲ್ಲಿ ಹಿಡಿದರೆ ಚಲೋ. ಬಾಟಲಿ ಮುಚ್ಚಳದ ಕಾಗುಣಿತ ಚಕ್ರವನ್ನೂ ಮಾಡಿದೆ. ಮಕ್ಕಳು ಅದನ್ನು ಬುಗುರಿ ಮಾಡಿಕೊಂಡರು.

'ಎ' ಮತ್ತು 'ಒ' ಮಾತ್ರ ಇನ್ನೂ ಕೈಗೆ ಬಂದಿಲ್ಲ. ಮಕ್ಕಳ ಬಾಯಲ್ಲಿ ಎಲೆ ಅಂದರೆ ಯಲಿ, ಒಲೆ ಅಂದರೆ ವಲಿ. ಮೊದಲು ಯ, ವ ಗಟ್ಟಿ ಮಾಡಿಸಿ ಆಮೇಲೆ ಯ-ಎ, ವ-ಒ ಜೋಡಿ ಸಂಚಿ ಕೊಡುತ್ತಿದ್ದೇನೆ. ಅರ್ಧ ಮಕ್ಕಳಿಗೆ ಹತ್ತಿದೆ.

ದುಡ್ಡಿನ ಲೆಕ್ಕ ನೆನಪಿನಿಂದಲೇ ಹೇಳುತ್ತೇನೆ. ಪಾಲಿಶ್ ಪೇಪರಿಗೆ 200ರ ಸುತ್ತ, ದಾರ, ಬಿಳಿ ಬಟ್ಟೆಗೆ 150, ಹೊಸ ಕತ್ತರಿಗೆ 120. ಹಾಳಾದದ್ದು ಸೇರಿ 700 ದಾಟಿಲ್ಲ. ಅಂಗಡಿಯ ಪ್ಲಾಸ್ಟಿಕ್ ಸೆಟ್ಟಿಗೆ 2,500 ಹೇಳಿದ್ದರು, ಅದರಲ್ಲಿ 'ಳ' ಇರಲಿಲ್ಲ.

ದೀಪಾವಳಿ ಹೊತ್ತಿಗೆ 22ರಲ್ಲಿ 16-17 ಮಕ್ಕಳು ಮೂರಕ್ಷರದ ಪದ ತಾವೇ ಓದುತ್ತಿದ್ದರು. ಅದಕ್ಕಿಂತ ಖುಷಿ ಕೊಟ್ಟದ್ದು ಬೇರೆ. ಮಾತೇ ಆಡದ ಒಬ್ಬ ಹುಡುಗ ಒಂದು ದಿನ 'ಗ' ಸಂಚಿಗೆ ಏನೋ ತುರುಕುತ್ತಿದ್ದ. ತೆಗೆದು ನೋಡಿದರೆ ಗಜಗ, ಮಕ್ಕಳು ಆಟಕ್ಕೆ ಬಳಸುವ ಗಟ್ಟಿ ಬೀಜ. ಯಾರೂ ಹೇಳಿರಲಿಲ್ಲ. ಮರುದಿನ ಇನ್ನೊಬ್ಬ ಗುಲಗಂಜಿ ತಂದ. ಅದನ್ನು ಮಾತ್ರ ಕಿತ್ತುಕೊಂಡೆ. ಆ ಬೀಜ ವಿಷ, ಮಕ್ಕಳ ಕೈಗೆ ಬೇಡ.

ನಕ್ಕಿದ್ದ ಸರ್ ಹೋದ ತಿಂಗಳು ಎಂಟು ಸಂಚಿ ಒಯ್ದರು. ಏಳು ವಾಪಸ್ ಬಂದಿವೆ. 'ನ' ಸಂಚಿ ಬಂದಿಲ್ಲ, ಅದರಲ್ಲಿ ನಮ್ಮವ್ವನ ಹಳೆಯ ನತ್ತು ಇದೆ.