ಆಯಸ್ಕಾಂತದ ಕುತ್ತಿಗೆ ಬಿಡಿಸಿದ ನನ್ನ ಅನುಭವ

ಬಳ್ಳಾರಿಯ ನಮ್ಮ ಪ್ರಯೋಗಾಲಯದಲ್ಲಿ ಅಣುಗಳ ರಚನೆ ತಿಳಿಯುವ ಎನ್‌ಎಂಆರ್ ಯಂತ್ರವಿದೆ; ಅದರ ಆಯಸ್ಕಾಂತವನ್ನು ದ್ರವ ಹೀಲಿಯಂ ತಣ್ಣಗಿಡುತ್ತದೆ. ಆವಿಯಾದ ಹೀಲಿಯಂ ಹೊರಹೋಗುವ ಎರಡು ಕುತ್ತಿಗೆಗಳಲ್ಲಿ ಒಂದು ಮಂಜುಗಟ್ಟಿ ಮುಚ್ಚಿಕೊಂಡಿತು. ಆಯಸ್ಕಾಂತವನ್ನು ಪೂರ್ತಿ ಬೆಚ್ಚಗಾಗಿಸಿ ಮತ್ತೆ ತಣಿಸದೆ ಗತಿಯಿಲ್ಲ ಎಂದು ಮೂವರು ಹೇಳಿದರು. ಖರ್ಚು ಹತ್ತು ಲಕ್ಷದ ಆಸುಪಾಸು. ಮೂರು ದಿನ ತಪ್ಪಿದ ಮೇಲೆ ನಾನು ಒಂದೇ ಮಧ್ಯಾಹ್ನದಲ್ಲಿ, ಹೆಚ್ಚೆಂದರೆ 4,000 ರೂಪಾಯಿಯ ಅನಿಲದಲ್ಲಿ ಅದನ್ನು ಬಿಡಿಸಿದೆ.

ಸುಳಿವು ಕೊಟ್ಟದ್ದು ಎಣ್ಣೆ ಬಾಟಲಿ. ಹೀಲಿಯಂ ಕುತ್ತಿಗೆಗಳೆರಡಕ್ಕೂ ಒಮ್ಮುಖ ಕವಾಟದ ಆಚೆ ಒಂದೊಂದು ಬಾಟಲಿ ಇಟ್ಟಿದ್ದೇನೆ. ನಿಮಿಷಕ್ಕೆ ಮೂವತ್ತು ಗುಳ್ಳೆ ಎದ್ದರೆ ಸರಿ. ಆ ಸೋಮವಾರ ಎಡಗಡೆಯದು ಸ್ತಬ್ಧ, ಬಲಗಡೆಯದು ಹೆಚ್ಚುಕಡಿಮೆ ಇಮ್ಮಡಿ. ಬಲಗಡೆ ಉಸಿರಾಡುತ್ತಿದ್ದುದರಿಂದಲೇ ಕೈ ಹಾಕಿದೆ. ಎರಡೂ ಕಟ್ಟಿದ್ದರೆ ಕೋಣೆ ಖಾಲಿ ಮಾಡಿಸಿ ತಯಾರಕರಿಗೆ ಕರೆ ಮಾಡುತ್ತಿದ್ದೆ. ಒಂದು ಲೀಟರ್ ದ್ರವ ಏಳುನೂರು ಲೀಟರ್ ಅನಿಲವಾಗುತ್ತದೆ. ಅದರೊಂದಿಗೆ ಸಾಹಸ ಬೇಡ.

ತಪ್ಪು ಎಡ ಕುತ್ತಿಗೆಯ ಓ-ರಿಂಗ್‌ನದು, ಅಂದರೆ ಸಂದು ಮುಚ್ಚುವ ರಬ್ಬರ್ ಉಂಗುರದ್ದು. ನಮ್ಮ ಬೇಸಿಗೆಯ ಬಿಸಿಲಿಗೆ ರಬ್ಬರ್ ಬಿರಿದಿತ್ತು. ಹೀಲಿಯಂ ತುಂಬಿದ ಮೇಲೆ ಒಳಗಿನ ಒತ್ತಡ ಕುಸಿದಾಗ ಗಾಳಿ ಒಳನುಗ್ಗಿ ಹೆಪ್ಪುಗಟ್ಟಿತು.

ಮೊದಲು ಹಿತ್ತಾಳೆ ಸರಳಿನಿಂದ ಕುಟ್ಟಿದೆ. ಮಂಜು ಇನ್ನಷ್ಟು ಬಿಗಿಯಾಯಿತು. ಹೇರ್ ಡ್ರೈಯರ್ ಹಿಡಿದೆ. ಹೊರಗಿನ ಇಬ್ಬನಿ ಮಾತ್ರ ಕರಗಿತು. ಮೂರನೆಯದು ದೊಡ್ಡ ಪ್ರಮಾದ: ಅಗ್ಗವೆಂದು ನೈಟ್ರೋಜನ್ ಅನಿಲ ಊದಿದೆ. ಅದು ಮೈನಸ್ 210 ಡಿಗ್ರಿಗೇ ಗಟ್ಟಿಯಾಗುತ್ತದೆ, ಒಳಗಿನ ದ್ರವ ಮೈನಸ್ 269. ಮಂಜು ಎರಡು ಬೆರಳು ದಪ್ಪವಾಯಿತು. ಈ ಮೂರು ದಿನಗಳಲ್ಲಿ ಹದಿನೈದು ಲೀಟರ್ ಹೀಲಿಯಂ, ಅಂದರೆ ಅರ್ಧ ಲಕ್ಷ ರೂಪಾಯಿ, ಗಾಳಿಗೆ ಹೋಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ನಾಲ್ಕನೆಯ ದಿನ ಆರು ಮಿಲಿಮೀಟರಿನ ತಾಮ್ರದ ಕೊಳವೆ ತೆಗೆದುಕೊಂಡು, ಅದಕ್ಕೆ ಸಿಲಿಂಡರಿನ ಶುದ್ಧ ಹೀಲಿಯಂ ಜೋಡಿಸಿದೆ. ದಾರಿಯಲ್ಲಿ ಒಂದು ಸುರುಳಿಯನ್ನು ಬಿಸಿನೀರಿನ ಬಕೆಟ್‌ನಲ್ಲಿ ಮುಳುಗಿಸಿದೆ. ಅನಿಲ ಹರಿಯುತ್ತಿರುವಾಗಲೇ ಕೊಳವೆ ಇಳಿಸಿ, ಮಂಜು ತಾಕಿದಲ್ಲಿ ಟೇಪಿನ ಗುರುತು ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಒಂದು ಸೆಂಟಿಮೀಟರ್ ಇಳಿಯಿತು. ಬಿಳಿ ಹೊಗೆ ಮೇಲೇಳುತ್ತಿತ್ತು, ಕೈಯಲ್ಲಿ ಕೊಳವೆ ಸಣ್ಣಗೆ ನಡುಗುತ್ತಿತ್ತು. ಸಂಜೆ ನಾಲ್ಕರ ಹೊತ್ತಿಗೆ ಒಂದು ದೀರ್ಘ ಸುಯ್ಯೆಂಬ ಸದ್ದು. ತಕ್ಷಣ ಕೊಳವೆ ಮೇಲೆಳೆದೆ. ಬೆಚ್ಚನೆ ಅನಿಲ ದ್ರವಕ್ಕೆ ಬಡಿದರೆ ಕ್ವೆಂಚ್ ಆಗಿ, ಅಂದರೆ ಆಯಸ್ಕಾಂತದ ಸುರುಳಿ ಅತಿವಾಹಕತೆ ಕಳೆದುಕೊಂಡು ಹೀಲಿಯಂ ಒಮ್ಮೆಲೇ ಕುದಿದು, ಎಲ್ಲವೂ ಮುಗಿಯಬಹುದು. ಚೂರುಗಳು ಕೆಳಗೆ ಬೀಳದಂತೆ ಕೊಳವೆಯ ತುದಿ ಕತ್ತರಿಸುವ ಬಗೆಯೊಂದಿದೆ. ಅದು ನನ್ನ ಬಳಿಯೇ ಇರಲಿ.

ಈ ನಡುವೆ, ಹೀಲಿಯಂ ಪಾತ್ರೆಯ ಸುತ್ತಲಿನ ದ್ರವ ನೈಟ್ರೋಜನ್ ತೊಟ್ಟಿಯ ಕಿಂಡಿಯಲ್ಲೂ ಮಂಜು ಕಟ್ಟದಿರಲೆಂದು ತೇವ ಹೀರುವ ಸಿಲಿಕಾ ಜೆಲ್ ಕಟ್ಟಿ ನೋಡಿದೆ. ಆಗಸ್ಟ್‌ನ ತೇವಕ್ಕೆ ಎರಡೇ ದಿನದಲ್ಲಿ ನೀಲಿ ಹೋಗಿ ಗುಲಾಬಿಯಾಯಿತು, ದಂಡ. ಸೀಳಿದ ರಬ್ಬರ್ ಕೊಳವೆಯನ್ನು ಕವಾಟದಂತೆ ಸಿಕ್ಕಿಸಿದ್ದೇ ಗೆದ್ದಿತು. ಖರ್ಚು ಹತ್ತು ರೂಪಾಯಿ.

ಈಗ ಹೀಲಿಯಂ ತುಂಬಿದ ರಾತ್ರಿ ಸಿಲಿಂಡರಿನಿಂದ ಸಣ್ಣ ಒತ್ತಡ ಕೊಟ್ಟೇ ಮನೆಗೆ ಹೋಗುತ್ತೇನೆ, ಓ-ರಿಂಗ್‌ಗಳನ್ನು ಪ್ರತಿ ಬಾರಿ ಬದಲಿಸುತ್ತೇನೆ. ಇಂದು ಬೆಳಿಗ್ಗೆ ಎಣಿಸಿದಾಗ ಎಡಕ್ಕೆ ಇಪ್ಪತ್ತೆಂಟು ಗುಳ್ಳೆ, ಬಲಕ್ಕೆ ಮೂವತ್ತು.