ಗರುಡ ಬಿಟ್ಟು ಮೋರೇರ ಬೆನ್ನು ಹತ್ತಿದ್ದು

ಮೂರನೇ ವರ್ಷ ಬೆಂಗಳೂರಿನ ವಿಜ್ಞಾನ ಕಥೆ ಅಭಿಮಾನಿಗಳ ಮೇಳದಿಂದ ವಾಪಸ್ ಬರುವಾಗ ನನ್ನ ತಗಡಿನ ಟ್ರಂಕಿನಲ್ಲಿ ಉಳಿದಿದ್ದು ಎರಡೇ ಗೊಂಬೆ, ನಮ್ಮ ಕಡೆಯ ಕಥೆಯಲ್ಲಿ ಬರುವ ಕುಳ್ಳ ಮೋರೇರದು. ಒಂದರ ಕೈ ಮುರಿದಿತ್ತು, ಇನ್ನೊಂದನ್ನು ನಾನೇ ಮಾರಲಿಲ್ಲ. ಹೋಗುವಾಗ ಒಯ್ದಿದ್ದು 90ರ ಹತ್ತಿರ. ಕೊಪ್ಪಳ ಸ್ಟೇಷನ್ನಿನಲ್ಲಿ ಇಳಿದವನೇ ಕಾಕಾಗೆ ಫೋನ್ ಹಚ್ಚಿದೆ. "ಕಾಕಾ, ಆಟೋ ಕಳಸಬ್ಯಾಡ. ಟ್ರಂಕು ಖಾಲಿ ಐತಿ, ಬಸ್ಸಿಗೇ ಬರ್ತೀನಿ." ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

ಮೊದಲ ವರ್ಷ ಇದೇ ಕಾಕಾ ನಮ್ಮೂರು ಕಿನ್ನಾಳದ ಗೊಂಬೆ ಮಾಡುವವರ ಓಣಿ ತುಂಬ ಹೇಳಿಕೊಂಡು ತಿರುಗಿದ್ದರು: "ಗರುಡ ಮಾಡೋ ಕೈಲೆ ದೆವ್ವದ ಗೊಂಬಿ ಮಾಡಾಕ ಹತ್ಯಾನ. ಯಾರ್ ತಗೋತಾರ ಅದನ್ನ, ಯಾರ್ ಮನ್ಯಾಗ ಇಟ್ಕೋತಾರ?" ಓಣಿಯ ಹುಡುಗರೂ ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ, "ಅಣ್ಣಾ, ಟೇಬಲ್ಲಿಗೆ ಎಷ್ಟ್ ಕೊಟ್ಟಿ, ಯಾವ್ದು ಹೆಚ್ಚು ಹೋತು" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಹೇಳಿ ಬೇಸತ್ತು ಬರೆಯಲು ಕೂತಿದ್ದೇನೆ. ಕಿಟ್ಟ (ಗೊಂಬೆಯ ಮೈ ಕಟ್ಟುವ ಮುದ್ದೆ) ಕಲಸುವುದು, ಗೋಣಿತಾಟು ನೆನೆಹಾಕುವುದು, ಹುಣಸೆಬೀಜದ ಅಂಟು ಕಾಸುವುದು, ಇವನ್ನೆಲ್ಲ ನಾನು ಹೇಳಹೋಗುವುದಿಲ್ಲ. ಅದು ನಿಮ್ಮ ಮನೆಯ ಅಂಗಳದಲ್ಲೇ ಇದೆ.

ಇದು ಶುರುವಾದದ್ದು ಚಿತ್ರಸಂತೆಯಲ್ಲಿ. ಜನವರಿಯಲ್ಲಿ ಕುಮಾರಕೃಪ ರಸ್ತೆಯ ಫುಟ್‌ಪಾತಿನ ಮೇಲೆ ಕೂತಿದ್ದೆ. ಕಾಲೇಜಿನ ಹುಡುಗನೊಬ್ಬ ಬಂದು ನನ್ನ ಗರುಡನನ್ನು ತಿರುಗಿಸಿ ಮುರುಗಿಸಿ ನೋಡಿ, "ಅಂಕಲ್, ಇದು ಏಲಿಯನ್ನಾ?" ಅಂದ. 12 ಭಾಗ ಕೂಡಿಸಿ ಮಾಡಿದ ಗರುಡ ಅದು! ಸಿಟ್ಟು ಬಂತು. ಆದರೆ ಹುಡುಗ ಹೋಗಲಿಲ್ಲ, ಅಲ್ಲೇ ಕೂತು ಮಾತಾಡಿದ. ವಿಜ್ಞಾನ ಕಥೆ, ರೋಬೋ, ಅಂತರಿಕ್ಷದ ಸಿನಿಮಾ ಅಂದರೆ ಪ್ರಾಣ ಬಿಡುವವರ ಮೇಳ ಒಂದು ನಡೆಯುತ್ತದೆ, ಜನ ಪಾತ್ರಗಳ ವೇಷ ಹಾಕಿಕೊಂಡೇ ಬರುತ್ತಾರೆ, ಕಲಾವಿದರು ಸಾಲಾಗಿ ಟೇಬಲ್ ಹಾಕಿಕೊಂಡು ಕೂರುತ್ತಾರೆ ಅಂದ. ನಮ್ಮೂರ ಜಾತ್ರೆಯಲ್ಲಿ ಬಹುರೂಪಿಗಳು ಬರುತ್ತಾರಲ್ಲ, ಹಾಗೆ ಅಂದುಕೊಂಡೆ. ಬಹಳ ತಪ್ಪೇನೂ ಆಗಿರಲಿಲ್ಲ.

ಮೊದಲ ವರ್ಷದ ಲೆಕ್ಕ ಹೇಳಿಬಿಡುತ್ತೇನೆ. ಹೆಂಡತಿಯ ಸಂಘದಿಂದ 20,000 ಸಾಲ. ಎರಡು ದಿನದ ಟೇಬಲ್ಲಿಗೆ 14,000 ಇರಬೇಕು. ಹಂಪಿ ಎಕ್ಸ್‌ಪ್ರೆಸ್ ಸ್ಲೀಪರ್, ಮೆಜೆಸ್ಟಿಕ್ ಹತ್ತಿರ ಲಾಡ್ಜು, ಊಟ, ಆಟೋ ಎಲ್ಲ ಸೇರಿ ಇನ್ನೊಂದು 5,000. ವ್ಯಾಪಾರ ಆದದ್ದು 4,300. ಈ ಅಂಕಿ ಮಾತ್ರ ಸರಿಯಾಗಿ ನೆನಪಿದೆ. ರಾತ್ರಿ ಲಾಡ್ಜಿನಲ್ಲಿ ನಾಲ್ಕು ಸಲ ಎಣಿಸಿದ್ದೆ.

ಆದ ತಪ್ಪು ಏನಂದರೆ, ಫೋನಿನಲ್ಲಿ ಹುಡುಕಿ ಪರದೇಶದ ಸಿನಿಮಾದ ಪಾತ್ರಗಳನ್ನೇ ಮಾಡಿಕೊಂಡು ಹೋಗಿದ್ದೆ. ಪಕ್ಕದ ಟೇಬಲ್ಲಿನವ ಅದೇ ಪಾತ್ರಗಳನ್ನು ತ್ರೀ-ಡಿ ಪ್ರಿಂಟರಿನಲ್ಲಿ ತೆಗೆದು ತಂದಿದ್ದ. ಒಂದೊಂದು ಸ್ಕ್ರೂ ಎಣಿಸಬಹುದಿತ್ತು. ನನ್ನ ರೋಬೋಗೆ ಗಣಪತಿಯ ಕಣ್ಣು ಬಂದಿತ್ತು! ಕೈ ಇಪ್ಪತ್ತು ವರ್ಷ ಬರೆದದ್ದು ಅದೇ ಕಣ್ಣು, ಬ್ರಷ್ ಹಿಡಿದರೆ ತಾನೇ ಹಾಗೆ ಎಳೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೊರಳಿಗೆ ಕಾರ್ಡು ಹಾಕಿಕೊಂಡ ಒಬ್ಬರು ಬಂದು, ಈ ಪಾತ್ರಗಳ ಹಕ್ಕು ಕಂಪನಿಯವರದು, ಅನುಮತಿ ಇಲ್ಲದೆ ಮಾರಬೇಡಿ ಅಂತ ಮೆಲ್ಲಗೆ ಹೇಳಿದರು. ಮೆಲ್ಲಗೇ ಹೇಳಿದರೂ ಸುತ್ತ ಹತ್ತು ಜನ ನೋಡುತ್ತಿದ್ದರು. ಅರ್ಧ ಮಾಲು ಟೇಬಲ್ ಕೆಳಗೆ ಹೋಯಿತು.

ಅದರ ಮೇಲೆ ವಾಸನೆ. ಮಳೆಗಾಲದಲ್ಲಿ ಅವಸರದಿಂದ ಮಾಡಿದ ಮಾಲು, ಅಂಟು ಸ್ವಲ್ಪ ಹುಳಿ ತಿರುಗಿತ್ತು. ನಮ್ಮ ಮನೆಗಳಲ್ಲಿ ಆ ವಾಸನೆ ಯಾರ ಮೂಗಿಗೂ ತಟ್ಟುವುದಿಲ್ಲ, ಹುಟ್ಟಿದಾಗಿನಿಂದ ಅದರಲ್ಲೇ ಇದ್ದೇವೆ. ಬಾಗಿಲು ಹಾಕಿದ ಏಸಿ ಹಾಲಿನಲ್ಲಿ ಬೇರೆ. ಮೈತುಂಬ ಬೆಳ್ಳಿ ಬಣ್ಣದ ವೇಷ ಹಾಕಿದ ಒಂದು ಹುಡುಗಿ ನನ್ನ ಟೇಬಲ್ ಮುಂದೆ ನಿಂತು ಗೆಳತಿಗೆ, "ಇಲ್ಲೆಲ್ಲೋ ಸಾಂಬಾರು ಹಳಸಿದೆ ಕಣೇ" ಅಂದಳು. ಆಮೇಲಿಂದ ಅಂಟು ಬೇಸಿಗೆಯಲ್ಲಿ ಮಾತ್ರ ಕಾಸುತ್ತೇನೆ. ಲೇಪ ಹಚ್ಚಿದ ಮೇಲೆ ಏಪ್ರಿಲ್-ಮೇ ಬಿಸಿಲಲ್ಲಿ ವಾರಗಟ್ಟಲೆ ಬಿಡುತ್ತೇನೆ. ಕೊಪ್ಪಳದ ಬಿಸಿಲು ಇದಕ್ಕಾದರೂ ಬಂತಲ್ಲ. ಅಂಟು ಕೆಡದಂತೆ ಮೈಲುತುತ್ತ ಹಾಕು ಅಂದವರಿದ್ದಾರೆ. ಪುಸ್ತಕದ ಬೈಂಡಿಂಗಿಗೆ ಅದು ಸರಿ, ಮಕ್ಕಳು ಬಾಯಿಗೆ ಹಾಕುವ ಗೊಂಬೆಗೆ ವಿಷ. ನಾನು ಹಾಕುವುದು ಬೇರೆ ಒಂದು, ಅಡಿಗೆಮನೆಯದೇ. ಅದನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟೆಲ್ಲ ಆದರೂ ಎರಡನೇ ವರ್ಷ ಹೋದೆ. ಯಾಕೆ ಅಂದರೆ ಆ ಜನ ಹಿಡಿಸಿದ್ದರು. ಬೇರೆ ಮೇಳಗಳಲ್ಲಿ ಗೊಂಬೆ ಎತ್ತಿ ಮೊದಲು ಕೇಳುವುದು ರೇಟು. ಇಲ್ಲಿಯವರು "ಇದರ ಕಥೆ ಏನು" ಅಂತ ಕೇಳುತ್ತಾರೆ. ಕೊಳ್ಳದಿದ್ದರೂ ಅರ್ಧ ತಾಸು ನಿಲ್ಲುತ್ತಾರೆ. ಪಕ್ಕದ ಪ್ರಿಂಟರ್ ಹುಡುಗ ಒಂದು ವಿಷಯ ಹೇಳಿದ: ಜಗತ್ತಿನ ವಿಜ್ಞಾನ ಕಥಾ ಸಮ್ಮೇಳನ ಮೊದಲು ನಡೆದದ್ದು 1939ರಲ್ಲಿ, ನ್ಯೂಯಾರ್ಕಿನಲ್ಲಿ. ಅವರು ಕೊಡುವ ಹ್ಯೂಗೋ ಪ್ರಶಸ್ತಿಯಲ್ಲಿ ಕಸುಬಿನ ಕಲಾವಿದರಿಗೆ ಒಂದು, ಹವ್ಯಾಸಕ್ಕೆ ಬರೆಯುವ ಅಭಿಮಾನಿ ಕಲಾವಿದರಿಗೆ ಒಂದು ಅಂತ ಬೇರೆ ಬೇರೆ ಇದೆಯಂತೆ. ಊರಿಗೆ ಬಂದು ಕಾಕಾಗೆ ಇದನ್ನೇ ಹೇಳಿ ಬಾಯಿ ಮುಚ್ಚಿಸಲು ನೋಡಿದೆ. "ನಿನಗ ಕೊಟ್ಟಾರೇನು?" ಅಂದರು.

ಎರಡನೇ ವರ್ಷ ಅರ್ಧ ಟೇಬಲ್. ಚಿತ್ರದ ಪ್ರಿಂಟು ಮಾರುವ ಬಳ್ಳಾರಿಯ ಹುಡುಗನ ಜೊತೆ ಹಂಚಿಕೊಂಡು ನನ್ನ ಪಾಲು 7,000. ಆ ವರ್ಷ ಗೊಂಬೆಗಿಂತ ಹೆಲ್ಮೆಟ್ಟಿನ ಹುಚ್ಚು ಹಿಡಿದಿತ್ತು. ವೇಷ ಹಾಕುವವರು ಫೋಮಿನಲ್ಲಿ ಮಾಡಿಕೊಳ್ಳುತ್ತಾರೆ. ಒಬ್ಬ ನನ್ನ ಮುಖವಾಡ ನೋಡಿ, ಇದೇ ರೀತಿ ಗಗನಯಾತ್ರಿಯ ಹೆಲ್ಮೆಟ್ ಮಾಡಿಕೊಡಿ ಅಂತ 3,000 ಮುಂಗಡ ಕಳಿಸಿದ. ಗಡಿಗೆ ಬೋರಲು ಹಾಕಿ ಅದರ ಮೇಲೆ ಕಿಟ್ಟ ಬಡಿದೆ. ಮೊದಲನೆಯದು ಎರಡೂವರೆ ಕಿಲೋ ತೂಗಿತು. ಹಾಕಿಕೊಂಡರೆ ಕುತ್ತಿಗೆ ಮುರಿಯಬೇಕು! ಮೂರನೆಯದು ಕಿಲೋದ ಒಳಗೆ ಬಂತು. ಕಲ್ಲಿನ ಪುಡಿಯ ಲೇಪ, ಅದರ ಮೇಲೆ ಬಿಳಿ ಬಣ್ಣ, ಒಡವೆ ಎಬ್ಬಿಸುವ ಹಾಗೆಯೇ ಅಂಚಿಗೆ ಸುತ್ತಲೂ ಮೊಳೆ ತಲೆಗಳನ್ನು ಎಬ್ಬಿಸಿದ್ದೆ. ನನ್ನ ಕೈಯಲ್ಲಿ ಇದುವರೆಗೆ ಬಂದ ಚಂದದ ಕೆಲಸಗಳಲ್ಲಿ ಅದೂ ಒಂದು.

ಹುಡುಗ ಬೆಳಿಗ್ಗೆ ಹಾಕಿಕೊಂಡ. ಫೋಟೋ ಮೇಲೆ ಫೋಟೋ. ಮಧ್ಯಾಹ್ನ ಎರಡರ ಹೊತ್ತಿಗೆ ನನ್ನ ಟೇಬಲ್ಲಿಗೆ ಬಂದು ಸನ್ನೆ ಮಾಡುತ್ತಾನೆ, ಮಾತು ಕೇಳುತ್ತಿಲ್ಲ. ಎಳೆದರೆ ಬರುವುದಿಲ್ಲ. ಬೆವರಿಗೆ ಒಳಗಿನ ಹುಣಸೆ ಅಂಟು ಹಸಿಯಾಗಿ ಗಲ್ಲಕ್ಕೆ ಅರಿವೆ ಸಮೇತ ಹತ್ತಿಕೊಂಡಿತ್ತು. ನೀರು ಚಿಮುಕಿಸಿ, ಇಬ್ಬರು ಹಿಡಿದು ಬಿಡಿಸಿದಾಗ ಗಲ್ಲದ ಮೇಲೆ ಅಂಗೈ ಅಗಲ ಕಿಟ್ಟ ಅಂಟಿತ್ತು. ಹುಡುಗ ಒಳ್ಳೆಯವ, ನಕ್ಕ. ನಾನು ಮುಂಗಡ ವಾಪಸ್ ಕೊಟ್ಟೆ. ನೀರು ತಾಗಿದರೆ ಅಂಟು ಬಿಡುತ್ತದೆ ಅನ್ನುವುದು ನಮ್ಮಲ್ಲಿ ಸಣ್ಣ ಹುಡುಗರಿಗೂ ಗೊತ್ತು. ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ, ಅಷ್ಟೆ.

ಅದೇ ವರ್ಷ ತೊಗಲಿನಲ್ಲೂ ಒಂದು ಕೈ ನೋಡಿದೆ. ನಮ್ಮ ಜಿಲ್ಲೆಯ ಮೋರನಾಳ ಗೊತ್ತಲ್ಲ, 2025ರಲ್ಲಿ ಪದ್ಮಶ್ರೀ ಬಂದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಊರು. ತೊಗಲುಗೊಂಬೆಯ ರೀತಿ ಆಡಿನ ಚರ್ಮ ಹದ ಮಾಡಿಸಿ ರಾಕೆಟ್ಟು ಕತ್ತರಿಸಿದೆ, ತೂತು ಹೊಡೆದು ಬಣ್ಣ ಹಾಕಿದೆ. ಮನೆಯಲ್ಲಿ ಹಿಂದೆ ಬಲ್ಬು ಹಿಡಿದರೆ ಬೆಂಕಿ ಉಗುಳುತ್ತ ಹೊರಟಂತೆ ಕಾಣುತ್ತಿತ್ತು. ಮೇಳದ ಹಾಲಿನಲ್ಲಿ ಮೇಲೆ ಕೆಳಗೆ ಎಲ್ಲ ಕಡೆ ಹಗಲಿನಂಥ ಲೈಟು. ತೊಗಲುಗೊಂಬೆಗೆ ಕತ್ತಲೆ ಬೇಕು, ಅದೇ ಅಲ್ಲಿ ಇಲ್ಲ. ಈಗ ಆ ರಾಕೆಟ್ಟು ನಮ್ಮ ಪಡಸಾಲೆಯ ಬಲ್ಬಿಗೆ ಕಟ್ಟಿದೆ, ಮಗ ಅದರ ಕೆಳಗೆ ಓದುತ್ತಾನೆ. ಆ ವರ್ಷ ಒಟ್ಟು 11,000 ಬಂತು, ಖರ್ಚು ಅದಕ್ಕಿಂತ ಸ್ವಲ್ಪ ಜಾಸ್ತಿಯೇ.

ಮೋರೇರು ಸಿಕ್ಕಿದ್ದು ಬೇರೆ ಕೆಲಸಕ್ಕೆ ಹೋದಾಗ. ಗಂಗಾವತಿಯಲ್ಲಿ ಒಬ್ಬರ ಮನೆಗೆ ಗಣಪತಿಯ ಪೀಠ ಮುಟ್ಟಿಸಿ, ಮಧ್ಯಾಹ್ನ ಬಿಡುವಿತ್ತು ಅಂತ ಹಿರೇಬೆಣಕಲ್ ಗುಡ್ಡ ಹತ್ತಿದೆ. ಹತ್ತುವುದು ಸುಲಭ ಅಲ್ಲ. ಮೇಲೆ ಹೋದರೆ ನೂರಾರು ಕಲ್ಲಿನ ಮನೆ. ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ, ಕೆಲವಕ್ಕೆ ಒಂದು ಬದಿಯ ಕಲ್ಲಿಗೆ ಗುಂಡಗೆ ತೂತು. ಎರಡು ಸಾವಿರ ವರ್ಷಕ್ಕೂ ಹಳೆಯವು. 2021ರಲ್ಲಿ ಯುನೆಸ್ಕೋದವರ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗ. ಶಾಸ್ತ್ರ ತಿಳಿದವರು ಸಮಾಧಿ ಅನ್ನುತ್ತಾರೆ, ನಮ್ಮ ಜನ ಮೋರೇರ ಮನೆ ಅನ್ನುತ್ತಾರೆ. ಕುರಿ ಕಾಯುವ ಅಜ್ಜ ಒಬ್ಬ ಬಂಡೆಯ ನೆರಳಲ್ಲಿ ಕೂತಿದ್ದ. "ಮೋರೇರು ಅಂದ್ರ ಇಷ್ಟಿಷ್ಟೇ ಇದ್ರಪಾ" ಅಂತ ತನ್ನ ಸೊಂಟದ ತನಕ ಕೈ ತೋರಿಸಿದ. "ಬೆಂಕಿ ಮಳಿ ಬರ್ತೈತಿ ಅಂತ ಅವರಿಗೆ ಮೊದ್ಲೇ ತಿಳೀತು. ಕಲ್ಲಿನ ಮನಿ ಕಟ್ಕೊಂಡು ಒಳಗ ಹೊಕ್ಕರು."

ನಾನು ಆ ಗುಂಡನೆಯ ತೂತಿನೊಳಗೆ ತಲೆ ಹಾಕಿದೆ. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ತಣ್ಣಗೆ, ಬಾವಲಿ ವಾಸನೆ. ತಿರುಗಿ ಹೊರಗೆ ನೋಡಿದರೆ ಗುಂಡನೆಯ ಚೌಕಟ್ಟಿನಲ್ಲಿ ಬರೀ ಆಕಾಶ. ಬೆಂಕಿ ಮಳೆ ಬರುವುದು ಮೊದಲೇ ತಿಳಿದ ಕುಳ್ಳರು, ಮುಚ್ಚಿದ ಮನೆ, ಗುಂಡನೆಯ ಕಿಟಕಿ. ಎರಡು ವರ್ಷ ನಾನು ಫೋನಿನಲ್ಲಿ ಹುಡುಕುತ್ತಿದ್ದದ್ದು ನಮ್ಮ ಜಿಲ್ಲೆಯಲ್ಲೇ ಕೂತಿತ್ತು. ಹಕ್ಕು ಕೇಳಲು ಕೊರಳಿಗೆ ಕಾರ್ಡು ಹಾಕಿಕೊಂಡು ಯಾರೂ ಬರುವಂತಿಲ್ಲ.

ಮೋರೇರನ್ನು ನಾಲ್ಕು ಇಂಚು ಮಾಡಿದೆ. ಅದಕ್ಕಿಂತ ದೊಡ್ಡದು ಹೋಗುವುದಿಲ್ಲ. ಆ ಹುಡುಗರು ಇಡುವುದು ಆಫೀಸಿನ ಕಂಪ್ಯೂಟರಿನ ಪಕ್ಕ. ಕೈಕಾಲಿಗೆ ಹಗುರಾದ ಪೊಳಕಿ ಕಟ್ಟಿಗೆ, ಮೈಗೆ ಕಿಟ್ಟ, ತಲೆಗೆ ಹೆಲ್ಮೆಟ್ಟಿನಂಥ ಗುಂಡನೆಯ ಬುರುಡೆ, ಸೊಂಟಕ್ಕೆ ಕಂಬಳಿಯ ಅಂಚಿನಂಥ ಪಟ್ಟಿ. ಕಣ್ಣು ಈ ಸಲ ಕೈ ಎಳೆದ ಹಾಗೇ ಬಿಟ್ಟೆ, ಅದೇ ಗಣಪತಿಯ ಕಣ್ಣು. ಬುರುಡೆಯೊಳಗಿಂದ ಅದು ನೋಡುವುದೇ ಒಂದು ರೀತಿ, ಮೊದಲು ಜನ ನಿಲ್ಲುವುದು ಅಲ್ಲೇ. ಕಲ್ಲಿನ ಮನೆಗೆ ಹೊರಗೆ ಬಂಡೆಯ ಬಣ್ಣ, ಒಳಗೆ ಬೆಳ್ಳಿ. ಬೆಳ್ಳಿಗೆ ಮೊದಲು ಸ್ಪ್ರೇ ಡಬ್ಬಿ ತಂದೆ, 400ರೂಪಾಯಿ ಹೋಯಿತು, ಲೇಪದ ಮೇಲೆ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಕೊನೆಗೆ ಅಪ್ಪ ಮಾಡುತ್ತಿದ್ದ ಲಾಜವರಕ್ಕೇ ಬಂದೆ. ತವರ ಕಾಸಿ ಅಂಟಿನಲ್ಲಿ ಅರೆಯುವ ಕೆಲಸ ನಮ್ಮ ಓಣಿಯಲ್ಲೇ ಈಗ ಎಷ್ಟು ಜನ ಮಾಡುತ್ತಾರೆ, ನೀವೇ ಹೇಳಿ. ಸ್ಪ್ರೇ ಬೆಳ್ಳಿ ಕನ್ನಡಿಯಂತೆ ಹೊಳೆಯುತ್ತದೆ. ಇದು ಬಹಳ ದೂರ ಹೋಗಿ ಬಂದ ಪಾತ್ರೆಯಂತೆ ಮಂಕಾಗಿ ಹೊಳೆಯುತ್ತದೆ. ಅಳತೆ ಕೇಳಬೇಡಿ, ಅದು ಮನೆಯ ಗುಟ್ಟು.

ಮೂರನೇ ವರ್ಷದ ಮೇಳದಲ್ಲಿ ಒಂಟಿ ಮೋರೇರಿಗೆ 350, ಮನೆ ಸಮೇತ ಇಬ್ಬರಿಗೆ 1,200. ಜೊತೆಗೆ ನಾಲ್ಕು ಸಾಲಿನ ಚೀಟಿ, ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್, ಅಜ್ಜ ಹೇಳಿದ ಮಾತೇ. ಸಿಂಧನೂರಿನ ಹುಡುಗನೊಬ್ಬ ಯಾವುದೋ ಕಂಪನಿಯ ಟೀಶರ್ಟ್ ಹಾಕಿಕೊಂಡು ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದ. ಚೀಟಿ ಓದಿದವನೇ, "ಅಣ್ಣಾ, ಇದು ನಮ್ ಕಡೇದಲ್ಲೋ!" ಅಂತ ಕೂಗಿ ನಾಲ್ಕು ಒಯ್ದ. ಸಂಜೆ ತನ್ನ ಗೆಳೆಯರನ್ನು ಕರೆದುಕೊಂಡು ಮತ್ತೆ ಬಂದ.

ದೊಡ್ಡದೊಂದನ್ನು, ಐದು ಜನ ಮೋರೇರು ಇರುವ ಗುಡ್ಡದ ತುಂಡನ್ನು, ಹರಾಜಿಗೆ ಇಟ್ಟೆ. ಜಗತ್ತಿನ ದೊಡ್ಡ ಸಮ್ಮೇಳನಗಳ ಚಿತ್ರಪ್ರದರ್ಶನದಲ್ಲಿ ಪ್ರತಿ ಕೃತಿಯ ಪಕ್ಕ ಒಂದು ಹಾಳೆ ಇಡುತ್ತಾರೆ, ಬೇಕಾದವರು ತಮ್ಮ ಬೆಲೆ ಬರೆದು ಹೋಗುತ್ತಾರೆ ಅಂತ ಆ ಪ್ರಿಂಟರ್ ಹುಡುಗನೇ ಹೇಳಿದ್ದು. ನಾನೂ ನೋಟ್‌ಬುಕ್ಕಿನ ಹಾಳೆ ಹರಿದು ಇಟ್ಟೆ. ಶುರು 2,000. ಊಟ ಮುಗಿಸಿ ಬರುವಷ್ಟರಲ್ಲಿ ಯಾರೋ 1,00,000 ಅಂತ ಬರೆದು ಕೆಳಗೆ ರಾವಣ ಅಂತ ಸಹಿ ಹಾಕಿ ಹೋಗಿದ್ದರು. ಹೊಸ ಹಾಳೆ ಇಟ್ಟು, ಫೋನ್ ನಂಬರ್ ಕೊಟ್ಟವರದ್ದು ಮಾತ್ರ ಲೆಕ್ಕ ಅಂದೆ. ಎರಡನೇ ದಿನ ಸಂಜೆಗೆ 7,500ಕ್ಕೆ ನಿಂತಿತು. ನಾನು ರೇಟು ಹೇಳಿದ್ದರೆ 3,500 ಹೇಳುತ್ತಿದ್ದೆ, ಅವರು 2,800ಕ್ಕೆ ಕೇಳುತ್ತಿದ್ದರು.

ಒಟ್ಟು ಬಂದದ್ದು 60,000ದ ಆಜುಬಾಜು. ಟೇಬಲ್ಲು 16,000, ಇಬ್ಬರ ಓಡಾಟ-ಲಾಡ್ಜು 6,000, ಸಾಮಾನು 5,000 ಕಳೆದರೆ ಕೈಗೆ 33,000. ಮೂರು ತಿಂಗಳು ನಾನೂ ಹೆಂಡತಿಯೂ ದುಡಿದ ಕೂಲಿ ಇದರಲ್ಲಿ ಹಿಡಿದಿಲ್ಲ. ಹಿಡಿದರೆ ಗಣಪತಿ ಮಾಡಿದಷ್ಟೇ ಗಿಟ್ಟುತ್ತದೆ ಅನ್ನಬಹುದು. ಆದರೆ ಗಣಪತಿಗೆ ಸೀಜನ್ ಇದೆ, ಇವರಿಗೆ ಈಗಲೂ ಫೋನಿನಲ್ಲಿ ಆರ್ಡರ್ ಬರುತ್ತಿದೆ. ಸಂಘದ ಸಾಲ ತೀರಿತು.

ಮೊನ್ನೆ ಕಾಕಾ ನಮ್ಮ ಪಡಸಾಲೆಗೆ ಬಂದು, ಸಾಲಾಗಿ ಒಣಗುತ್ತಿದ್ದ ಮೋರೇರನ್ನು ಬಹಳ ಹೊತ್ತು ನೋಡಿದರು. "ಎಲ್ಲಾ ಗಂಡಸರೇ ಅದಾರಲ್ಲೋ. ಇವರಾಗ ಹೆಣ್ಮಕ್ಕಳಿರಲಿಲ್ಲೇನು?" ಅಂದರು. ಮರುದಿನ ತಾವೇ ಒಬ್ಬಳನ್ನು ಮಾಡಿ ತಂದರು. ಕೊಪ್ಪು, ಕಡಗ, ಸೊಂಟದ ಪಟ್ಟಿ, ಎಲ್ಲ ಹಳೇ ಕೈಯ ಉಬ್ಬು ಕೆಲಸ, ನನಗೆ ಅಷ್ಟು ಸಣ್ಣಗೆ ಬರುವುದಿಲ್ಲ. ಮೂಗಿಗೆ ಇಷ್ಟು ದೊಡ್ಡ ನತ್ತು. ಈಗ ಬುರುಡೆ ಮುಖದ ಮೇಲೆ ಕೂರುತ್ತಿಲ್ಲ. ನತ್ತು ಸಣ್ಣದು ಮಾಡು ಅಂದರೆ ಕಾಕಾ ಕೇಳುವುದಿಲ್ಲ, ಬುರುಡೆ ದೊಡ್ಡದು ಮಾಡಿದರೆ ಗೊಂಬೆ ಮುಂದಕ್ಕೆ ಮುಗ್ಗರಿಸುತ್ತದೆ. ಕಾಲಿಗೆ ಸೀಸದ ಗುಂಡು ಕೂರಿಸಿ ನೋಡುತ್ತಿದ್ದೇನೆ.