ಟೆಂಟ್ ಒಳಗೆ ನೀರು ತೊಟ್ಟಿಕ್ತಿದ್ದಿದ್ದು ಹೀಗೆ ಸರಿ ಆಯ್ತು

ಪುಣೆಲಿರೋ ನಾವು ನಾಲ್ಕು ಜನ ಕನ್ನಡದವ್ರು ಡಿಸೆಂಬರ್‌ನಲ್ಲಿ ಲೋಣಾವಳ ಹತ್ರದ ರಾಜಮಾಚಿಗೆ ಹೋಗಿದ್ವಿ, ಶ್ರೀವರ್ಧನ ಕೋಟೆ ಹತ್ತಿ ಇಳಿದು ಕೆರೆ ಪಕ್ಕದಲ್ಲೇ ಟೆಂಟ್ ಹಾಕಿ ಚಳಿ ಅಂತ ಎಲ್ಲಾ ಜಿಪ್ ಮುಚ್ಚಿ ಮಲಗಿದ್ವಿ, ಬೆಳಗಿನ ಜಾವ ನೋಡಿದ್ರೆ ಸ್ಲೀಪಿಂಗ್ ಬ್ಯಾಗ್ ಒದ್ದೆ. ಮಳೆನೇ ಇಲ್ಲ! ತೂತಾಗಿದೆ ಅಂದ್ಕೊಂಡು ಸೀಮ್ ಸೀಲರ್ (ಟೆಂಟ್ ಹೊಲಿಗೆಯಲ್ಲಿ ನೀರು ಇಳಿಯದ ಹಾಗೆ ಹಚ್ಚೋ ಅಂಟು) ಹಚ್ಚಿದೆ, ಮುಂದಿನ ಸಲಾನೂ ಅದೇ ಕಥೆ.

ಆಮೇಲೆ ಹೊಳೀತು, ಅದು ನಮ್ಮ ಉಸಿರಿನ ಆವಿ, ತಣ್ಣಗಿರೋ ಬಟ್ಟೆಗೆ ತಾಗಿ ನೀರಾಗ್ತಿತ್ತು, ಅನ್ನದ ಪಾತ್ರೆ ಮುಚ್ಚಳದಲ್ಲಿ ಆಗುತ್ತಲ್ಲ ಹಾಗೇ. ಈ ಸಲ ನೀರಿಂದ ದೂರ, ಸ್ವಲ್ಪ ಎತ್ತರದಲ್ಲಿ ಮರದ ಕೆಳಗೆ ಹಾಕಿ ಎರಡೂ ಕಡೆ ವೆಂಟ್ (ಗಾಳಿ ಆಡೋ ಕಿಂಡಿ) ತೆರೆದಿಟ್ವಿ, ಹೊರಗಿನ ಹೊದಿಕೆ ಒಳಗಿನದಕ್ಕೆ ತಾಗದ ಹಾಗೆ ಹಗ್ಗ ಬಿಗಿಯಾಗಿ ಎಳೆದು ಗೂಟ ಹೊಡೆದ್ವಿ. ಚಳಿ ಜಾಸ್ತಿ ಆಯ್ತು ನಿಜ, ಟೋಪಿ ಹಾಕ್ಕೊಂಡು ಮಲಗಿದ್ವಿ. ಬೆಳಿಗ್ಗೆ ಬ್ಯಾಗ್ ಪೂರ್ತಿ ಒಣ, ಎಷ್ಟು ಖುಷಿ ಆಯ್ತು ಗೊತ್ತಾ!